ಮೇರಿಯ ತೂಕ, ನಿಖತ್‌ರ ತೂಕ

ತಿಪಟೂರಿನಲ್ಲಿ ತೂಕದ ಮಾತಿಲ್ಲದೆ ಒಂದು ದಿನ ಕಳೆಯುವುದಿಲ್ಲ. ಕರಾವಳಿಯಿಂದ ಮದ್ರಸದ ಕೆಲಸಕ್ಕೆಂದು ಇಲ್ಲಿಗೆ ಬಂದ ಹೊಸದರಲ್ಲಿ ನಮಗೆ ಇದು ವಿಚಿತ್ರ ಅನ್ನಿಸಿತ್ತು. ನಮ್ಮೂರಲ್ಲಿ ತೆಂಗಿನಕಾಯಿ ಕೊಯ್ದು, ಸುಲಿದು, ಮಾರಿದರೆ ಕೆಲಸ ಮುಗಿಯಿತು. ಇಲ್ಲಿಯವರು ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪು ಬಿಡಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಸುಲಿದು ಒಡೆದರೆ ಉಂಡೆ ಕೊಬ್ಬರಿ. ಹಸಿ ಕಾಯಿಗಿಂತ ಎಷ್ಟೋ ಹಗುರ, ಕಿಲೋ ಲೆಕ್ಕದಲ್ಲಿ ಬೆಲೆ ಮಾತ್ರ ಎಷ್ಟೋ ಹೆಚ್ಚು. ಈ ವ್ಯಾಪಾರ ಬಲ್ಲ ಊರಿನಲ್ಲೇ ಮೊನ್ನೆ ತೂಕದ ಬಗ್ಗೆ ಒಂದು ಜಗಳ ನಡೆಯಿತು. ಕೊಬ್ಬರಿಯದ್ದಲ್ಲ, ಬಾಕ್ಸಿಂಗ್‌ನದ್ದು.

ಇಶಾ ನಮಾಝ್ ಮುಗಿಸಿ ಒಬ್ಬ ಕೊಬ್ಬರಿ ವ್ಯಾಪಾರಿಯ ಗೋಡೌನಿನ ಜಗಲಿಯಲ್ಲಿ ಕೂತಿದ್ದೆವು. ವ್ಯಾಪಾರಿ ನಮ್ಮವರೇ. ಬಂಟ್ವಾಳ ಕಡೆಯಿಂದ ಬಂದು ಮೂವತ್ತು ವರ್ಷದ ಮೇಲಾಯಿತು. ಎಲ್ಲರಿಗೂ ಅವರು ಹಾಜಿ ಕಾಕ. ಅವರಲ್ಲಿ ಲೆಕ್ಕ ಬರೆಯುವ ಹುಡುಗ ಮೊಬೈಲಿನಲ್ಲಿ ನಿಖತ್ ಝರೀನ್ ಅವರ ಪಂದ್ಯ ತೋರಿಸುತ್ತಿದ್ದ. ಹಾಜಿ ಕಾಕ ನೋಡಿ, "ಮಾಷಾ ಅಲ್ಲಾಹ್, ಇಡೀ ಇಂಡಿಯಾದಲ್ಲಿ ಇವಳಿಗಿಂತ ದೊಡ್ಡ ಬಾಕ್ಸರ್ ಹುಟ್ಟಿಲ್ಲ" ಅಂದರು. ಹುಡುಗ ಸುಮ್ಮನಿರಬಹುದಿತ್ತು, ಇರಲಿಲ್ಲ. "ಮೇರಿ ಕೋಮ್ ಆರು ಸಲ ವಿಶ್ವ ಚಾಂಪಿಯನ್ ಕಾಕ, ಇವರು ಎರಡು ಸಲ" ಅಂದುಬಿಟ್ಟ.

"ಗೆದ್ದದ್ದು ಯಾವ ತೂಕದಲ್ಲಿ? ನಲವತ್ತೈದು ಕಿಲೋ, ನಲವತ್ತಾರು ಕಿಲೋ! ಒಂದು ಸಿಮೆಂಟ್ ಮೂಟೆಯಷ್ಟೂ ಇಲ್ಲ. ನಮ್ಮ ಹುಡುಗಿ ಐವತ್ತೆರಡರಲ್ಲಿ ಗೆದ್ದವಳು. ಹೌದಾ ಅಲ್ವಾ, ನೀವೇ ಹೇಳಿ ಉಸ್ತಾದ್" ಎಂದು ಹಾಜಿ ಕಾಕ ನಮ್ಮ ಕಡೆ ತಿರುಗಿದರು.

ನಾವು ಬಾಯಿ ತೆರೆಯುವ ಮೊದಲೇ, ಚಿಕ್ಕನಾಯಕನಹಳ್ಳಿ ಕಡೆಯಿಂದ ಲೋಡು ತಂದು ಬೆಳಗಿನ ತೂಕಕ್ಕೆ ಕಾಯುತ್ತಿದ್ದ ಗೌಡರೊಬ್ಬರು ನಕ್ಕರು. "ದಪ್ಪ ಇದ್ದೋರೇ ದೊಡ್ಡೋರು ಅನ್ನಂಗಿದ್ರೆ ಆಡೋದ್ಯಾಕೆ ಸಾಬ್ರೆ? ತಕ್ಕಡಿ ಮ್ಯಾಲೆ ನಿಲ್ಸಿ ಪದಕ ಕೊಟ್ಟು ಕಳಿಸ್ಬೋದಲ್ಲ!" ಹಿಂದೆ ಅವರ ಕಡೆ ಜಾತ್ರೆ ಕುಸ್ತಿಗೆ ತಕ್ಕಡಿ ಇರಲಿಲ್ಲವಂತೆ. ಗರಡಿಯ ಹಿರಿಯರು ಕಣ್ಣಳತೆಯಲ್ಲೇ ಜೋಡಿ ಕಟ್ಟುತ್ತಿದ್ದರಂತೆ. ಜೋಡಿ ಸರಿಯಿಲ್ಲ ಅಂದರೆ ಗೆದ್ದವನಿಗೂ ಮರ್ಯಾದೆ ಇರುತ್ತಿರಲಿಲ್ಲವಂತೆ.

ಅದೇ ಜಗಲಿಯಲ್ಲಿ ತುರುವೇಕೆರೆಯಲ್ಲಿ ಅಂಗಡಿ ಇಟ್ಟಿರುವ ಇನ್ನೊಬ್ಬರು ಒಂದು ಮಾತೂ ಆಡದೆ ಕೂತಿದ್ದರು. ಅವರ ವಿಷಯ ಆಮೇಲೆ ಹೇಳುತ್ತೇವೆ.

ಆ ರಾತ್ರಿ ನಾವು ಉತ್ತರ ಕೊಡಲಿಲ್ಲ. ಗೊತ್ತಿಲ್ಲದ್ದಕ್ಕೆ ಫತ್ವಾ ಕೊಡುವ ಅಭ್ಯಾಸ ನಮಗಿಲ್ಲ. ಮನೆಗೆ ಬಂದು ಸಿಕ್ಕಿದ್ದನ್ನೆಲ್ಲ ಓದಿದೆವು, ಹಳೆಯ ಪಂದ್ಯಗಳನ್ನು ನೋಡಿದೆವು. ಹಾಜಿ ಕಾಕನಿಗೆ ಕೊಡಬೇಕಾದ ಉತ್ತರ ಓದುಗರಿಗೂ ಬೇಕಾಗಬಹುದು ಎಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಅವರ ಮೂಲ ಪ್ರಶ್ನೆ. ಭಾರದ ಬಾಕ್ಸರ್ ದೊಡ್ಡವರೋ, ಹಗುರದವರೋ? ನಮ್ಮ ಮನೆಗಳಲ್ಲಿ ಬಾಕ್ಸಿಂಗ್ ಅಂದರೆ ಮುಹಮ್ಮದ್ ಅಲಿ. 1964ರಲ್ಲಿ ಸನ್ನಿ ಲಿಸ್ಟನ್ ಅವರನ್ನು ಸೋಲಿಸಿ ಮೊದಲ ಸಲ ಹೆವಿವೇಟ್ ಚಾಂಪಿಯನ್ ಆದಾಗ ಅಲಿಯವರ ತೂಕ ಸುಮಾರು 95 ಕಿಲೋ. ಆದರೆ ಆ ಅಲಿಯೇ ತಮಗಿಂತ ಮೇಲೆ ಎಂದು ಒಪ್ಪಿಕೊಂಡಿದ್ದು ಶುಗರ್ ರೇ ರಾಬಿನ್ಸನ್ ಅವರನ್ನು. ರಾಬಿನ್ಸನ್ ಚಾಂಪಿಯನ್ ಆಗಿದ್ದು ವೆಲ್ಟರ್‌ವೇಟ್‌ನಲ್ಲಿ, ಅಂದರೆ 67 ಕಿಲೋ ಒಳಗೆ. ಆಮೇಲೆ ಮಿಡಲ್‌ವೇಟ್‌ನಲ್ಲಿ. ಬಾಕ್ಸಿಂಗ್‌ನಲ್ಲಿ 'ಪೌಂಡ್ ಫಾರ್ ಪೌಂಡ್' ಅನ್ನುವ ಮಾತಿದೆ. ತೂಕಕ್ಕೆ ತೂಕ ಸರಿ ಮಾಡಿ ನೋಡಿದರೆ ಯಾರು ಶ್ರೇಷ್ಠ ಎಂದು ಅದರ ಅರ್ಥ. ಈ ಮಾತು ಹೆಚ್ಚು ಬಳಕೆಗೆ ಬಂದದ್ದೇ ರಾಬಿನ್ಸನ್ ಅವರ ಹೆಸರಿನ ಜೊತೆ.

ಹಾಗಾದರೆ ತೂಕಕ್ಕೆ ಬೆಲೆಯೇ ಇಲ್ಲವೇ? ಇದೆ. 1952ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಇದೇ ರಾಬಿನ್ಸನ್ ತಮಗಿಂತ ಸುಮಾರು 7 ಕಿಲೋ ಹೆಚ್ಚಿದ್ದ ಜೋಯಿ ಮ್ಯಾಕ್ಸಿಮ್ ಮೇಲೆ ಆಡಿದರು. ಅವತ್ತು ವಿಪರೀತ ಸೆಕೆ. ಪಂದ್ಯ ನಡೆಸುತ್ತಿದ್ದ ರೆಫ್ರಿಯೇ ಸುಸ್ತಾಗಿ ನಡುವೆ ಇಳಿದು ಹೋಗಿ ಬೇರೆಯವರು ಬರಬೇಕಾಯಿತು. 13 ಸುತ್ತು ಮುಗಿದಾಗ ಅಂಕಗಳಲ್ಲಿ ರಾಬಿನ್ಸನ್ನೇ ಮುಂದಿದ್ದರು. 14ನೇ ಸುತ್ತಿಗೆ ಏಳಲಾಗಲಿಲ್ಲ. ಚಾಕಚಕ್ಯತೆಯಲ್ಲಿ ಹಗುರದವರು ಗೆಲ್ಲುತ್ತಿದ್ದರು, ಸೆಕೆ ಮತ್ತು ತೂಕ ಸೇರಿ ಅವರನ್ನು ಕೂರಿಸಿತು. ತೂಕದ ವಿಭಾಗ ಮಾಡಿದ್ದು ಇದಕ್ಕೇ. ಗೌಡರ ಭಾಷೆಯಲ್ಲಿ ಹೇಳಿದರೆ, ಜೋಡಿ ಸರಿ ಕಟ್ಟುವುದಕ್ಕೆ.

ಈಗ ಮೇರಿ ಕೋಮ್. ಮಣಿಪುರದ ಬಡ ಕೃಷಿ ಕುಟುಂಬದವರು. ಅವರಿಗೆ ಹುರುಪು ಕೊಟ್ಟದ್ದು ಅವರದೇ ರಾಜ್ಯದ ಡಿಂಕೊ ಸಿಂಗ್, 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ 54 ಕಿಲೋ ವಿಭಾಗದಲ್ಲಿ ಚಿನ್ನ ಗೆದ್ದವರು. ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್ ಶುರುವಾದದ್ದೇ 2001ರಲ್ಲಿ. ಆ ವರ್ಷ ಮೇರಿಗೆ ಬೆಳ್ಳಿ. 2002ರಲ್ಲಿ ಟರ್ಕಿಯ ಅಂಟಾಲ್ಯದಲ್ಲಿ 45 ಕಿಲೋದಲ್ಲಿ ಮೊದಲ ಚಿನ್ನ. ಆಮೇಲೆ 2005, 2006, 2008ರಲ್ಲಿ 46 ಕಿಲೋ, 2010ರಲ್ಲಿ 48, ಕೊನೆಗೆ 2018ರಲ್ಲಿ ದಿಲ್ಲಿಯಲ್ಲಿ ಮತ್ತೆ 48. ಒಟ್ಟು ಆರು. ಇದರಲ್ಲಿ 2008ರದ್ದು ಅವಳಿ ಮಕ್ಕಳನ್ನು ಹೆತ್ತ ಮರುವರ್ಷದ್ದು. ನಮ್ಮ ಉಮ್ಮಂದಿರು ಈ ಸಾಲನ್ನು ಇನ್ನೊಂದು ಸಲ ಓದಲಿ.

ಹಾಜಿ ಕಾಕ ಗಮನಿಸಬೇಕಾದದ್ದು ಇನ್ನೊಂದಿದೆ. ಒಲಿಂಪಿಕ್ಸ್‌ಗೆ ಮಹಿಳಾ ಬಾಕ್ಸಿಂಗ್ ಸೇರಿದ್ದು 2012ರ ಲಂಡನ್‌ನಲ್ಲಿ. ಆಗ ಇಟ್ಟದ್ದು ಮೂರೇ ವಿಭಾಗ: 51, 60 ಮತ್ತು 75 ಕಿಲೋ. 45, 46, 48 ಎಂಬುದು ಪಟ್ಟಿಯಲ್ಲೇ ಇರಲಿಲ್ಲ. ಮೇರಿ ತಮ್ಮದಲ್ಲದ ತೂಕಕ್ಕೆ ಹತ್ತಬೇಕಾಯಿತು. ತಮಗಿಂತ ಎತ್ತರದ, ಗಟ್ಟಿ ಮೈಯ ಹುಡುಗಿಯರ ಎದುರು ಆಡಿ ಸೆಮಿಫೈನಲ್ ತಲುಪಿದರು. ಅಲ್ಲಿ ಬ್ರಿಟನ್‌ನ ನಿಕೋಲಾ ಆಡಮ್ಸ್ ಎದುರು 11–6ರಿಂದ ಸೋತು ಕಂಚು ಪಡೆದರು. ರಾಬಿನ್ಸನ್‌ಗೆ ಆಗದ್ದು ಮೇರಿಗೆ ಅರ್ಧ ಆಯಿತು ಅನ್ನಬಹುದು. 2014ರ ಇಂಚೋನ್ ಏಷ್ಯನ್ ಗೇಮ್ಸ್‌ನಲ್ಲಿ ಅದೇ 51 ಕಿಲೋದಲ್ಲಿ ಚಿನ್ನವನ್ನೂ ಗೆದ್ದರು. 'ಸಣ್ಣ ತೂಕದವಳು' ಎಂಬ ಮಾತು ಇಲ್ಲಿಗೆ ಮುಗಿಯಬೇಕು.

ತೂಕ ಏರಿಸಿದಂತೆ ಇಳಿಸಿದ ಕಥೆಯೂ ಅವರದ್ದಿದೆ. 2018ರಲ್ಲಿ ಪೋಲೆಂಡ್‌ನ ಟೂರ್ನಿಯೊಂದಕ್ಕೆ ನಸುಕಿನ ಮೂರೂವರೆ ಹೊತ್ತಿಗೆ ಇಳಿದರು. ಬೆಳಿಗ್ಗೆ ಏಳೂವರೆಗೆ ತೂಕ. ನೋಡಿದರೆ 2 ಕಿಲೋ ಹೆಚ್ಚು. ಒಂದು ಗಂಟೆ ಬಿಡದೆ ಹಗ್ಗ ಜಿಗಿದು ಮೈಯ ನೀರು ಇಳಿಸಿ, 48ರ ಒಳಗೆ ಬಂದು, ಆ ಟೂರ್ನಿಯ ಚಿನ್ನವನ್ನೂ ತಂದರು. ಅಟ್ಟದ ಮೇಲೆ ಹತ್ತು ತಿಂಗಳಿಗೆ ಆಗುವ ಕೆಲಸ ನಾಲ್ಕು ಗಂಟೆಯಲ್ಲಿ! ಎಲ್ಲರಿಗೂ ಹೀಗೆ ಆಗುವುದಿಲ್ಲ. 2024ರ ಪ್ಯಾರಿಸ್‌ನಲ್ಲಿ ಕುಸ್ತಿಯ ವಿನೇಶ್ ಫೋಗಟ್ ಫೈನಲ್ ದಿನ ಬೆಳಿಗ್ಗೆ 50 ಕಿಲೋಗೆ ಬರೀ 100 ಗ್ರಾಂ ಹೆಚ್ಚಾಗಿ ಹೊರಬಿದ್ದದ್ದು ಎಲ್ಲರಿಗೂ ನೆನಪಿದೆ. ನೂರು ಗ್ರಾಂ ಅಂದರೆ ಒಂದು ಉಂಡೆ ಕೊಬ್ಬರಿಯಷ್ಟೂ ಬಾರದು.

ಇನ್ನು ನಮ್ಮವರೆಲ್ಲ 'ನಮ್ಮ ಹುಡುಗಿ' ಅನ್ನುವ ನಿಖತ್ ಝರೀನ್. ಊರು ತೆಲಂಗಾಣದ ನಿಝಾಮಾಬಾದ್. ಹುಟ್ಟಿದ್ದು 1996ರಲ್ಲಿ. ನಾಲ್ವರು ಹೆಣ್ಣುಮಕ್ಕಳಲ್ಲಿ ಒಬ್ಬರು. ತಂದೆ ಜಮೀಲ್ ಅಹ್ಮದ್ ಹದಿನೈದು ವರ್ಷ ಸೌದಿಯಲ್ಲಿ ಸೇಲ್ಸ್ ಕೆಲಸ ಮಾಡಿ, ಹೆಣ್ಣುಮಕ್ಕಳ ಓದು ಮತ್ತು ಆಟಕ್ಕೆಂದೇ ಊರಿಗೆ ಮರಳಿದವರು. ಗಲ್ಫ್‌ನ ದುಡಿಮೆ ಬಿಟ್ಟು ಬರುವುದು ಎಂಥ ತೀರ್ಮಾನ ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಮೊದಲು ಓಟದಲ್ಲಿದ್ದ ಹುಡುಗಿ, ಬಾಕ್ಸಿಂಗ್ ಕಲಿಯುವಲ್ಲಿ ಹುಡುಗಿಯರೇ ಇಲ್ಲವಲ್ಲ ಯಾಕೆ ಎಂದು ತಂದೆಯನ್ನು ಕೇಳಿದ್ದಳಂತೆ. ಊರಿನಲ್ಲೇ ಶಂಸಮುದ್ದೀನ್ ಎಂಬ ತರಬೇತುದಾರರು ಮೊದಲ ಪಾಠ ಹೇಳಿದರು. ಅವರ ಮಗ ಹುಸಾಮುದ್ದೀನ್ ಕೂಡ 2023ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕಂಚು ಗೆದ್ದ ಬಾಕ್ಸರ್. ಮಗಳ ಕಣ್ಣು ಊದಿದ್ದನ್ನು ಮೊದಲ ಸಲ ಕಂಡಾಗ ತಾಯಿ ಪರ್ವೀನ್ ಸುಲ್ತಾನಾ ಅತ್ತರು, ಇನ್ನು ಇವಳನ್ನು ಯಾರು ಮದುವೆಯಾಗುತ್ತಾರೆ ಎಂದು. ಹುಡುಗಿ ಚಡ್ಡಿ ಹಾಕಿ ಆಡುವ ಆಟ ಯಾಕೆ ಎಂದು ನೆಂಟರು ತಂದೆಗೆ ಹೇಳಿದರು.

2011ರಲ್ಲಿ ಅದೇ ಅಂಟಾಲ್ಯದಲ್ಲಿ, ಮೇರಿ ಮೊದಲ ಚಿನ್ನ ಗೆದ್ದ ಊರಲ್ಲಿ, ನಿಖತ್ ಕಿರಿಯರ ವಿಶ್ವ ಚಾಂಪಿಯನ್ ಆದರು. ಮುಂದೆ ಭುಜದ ಗಾಯ, ಕಾಯುವಿಕೆ. 2022ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ 52 ಕಿಲೋದಲ್ಲಿ ಥಾಯ್ಲೆಂಡ್‌ನ ಜುತಾಮಸ್ ಅವರನ್ನು 5–0ರಿಂದ ಸೋಲಿಸಿ ವಿಶ್ವ ಚಾಂಪಿಯನ್. ಅದೇ ವರ್ಷ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ 50 ಕಿಲೋ ಚಿನ್ನ. 2023ರಲ್ಲಿ ದಿಲ್ಲಿಯಲ್ಲಿ 50 ಕಿಲೋದಲ್ಲಿ ಮತ್ತೆ ವಿಶ್ವ ಚಾಂಪಿಯನ್. ಭಾರತದಿಂದ ಅವರಿಗಿಂತ ಮೊದಲು ಈ ಪಟ್ಟ ಕಂಡ ಮಹಿಳೆಯರು ನಾಲ್ವರೇ: ಮೇರಿ, ಸರಿತಾ ದೇವಿ, ಜೆನ್ನಿ ಮತ್ತು ನಮ್ಮ ಕಾಸರಗೋಡಿನ ಪಕ್ಕದ ಕಣ್ಣೂರಿನ ಲೇಖಾ. ಲೇಖಾ 2006ರಲ್ಲಿ 75 ಕಿಲೋದಲ್ಲಿ ಗೆದ್ದರು. ಇವರೆಲ್ಲರಿಗಿಂತ ಭಾರ. ಹಾಜಿ ಕಾಕನ ಲೆಕ್ಕದಲ್ಲಿ ಎಲ್ಲರಿಗಿಂತ ದೊಡ್ಡವರು ಲೇಖಾ ಆಗಬೇಕು. ಅವರ ಹೆಸರು ಜಗಲಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಿಖತ್‌ಗೂ ತೂಕ ಕಾಟ ಕೊಟ್ಟಿದೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ 50 ಬಿಟ್ಟರೆ ಮುಂದಿನದು 54. ಅವರ 52 ಅಲ್ಲಿರಲಿಲ್ಲ. ಮೇರಿ ಹತ್ತಬೇಕಾಗಿತ್ತು, ನಿಖತ್ ಇಳಿಯಬೇಕಾಯಿತು. ಮೊದಲ ಪಂದ್ಯ ಗೆದ್ದರು. ಎರಡನೆಯದರಲ್ಲಿ ಅಗ್ರ ಶ್ರೇಯಾಂಕದ ಚೀನಾದ ವು ಯು ಎದುರು 5–0ರಿಂದ ಸೋತರು. ತೂಕ ಹಿಡಿಯಲು ಎರಡು ದಿನ ಊಟ ಬಿಟ್ಟಿದ್ದಾಗಿ ಸೋತ ಮೇಲೆ ಹೇಳಿಕೊಂಡರು. ಉಪವಾಸ ಹಿಡಿದು ಗೊತ್ತಿರುವ ನಮಗೆ, ನೀರೂ ಇಲ್ಲದೆ ಹೊಡೆದಾಡುವುದು ಏನೆಂದು ಸ್ವಲ್ಪವಾದರೂ ಅಂದಾಜಾಗುತ್ತದೆ.

ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ? ಒಂದು ಕಷ್ಟವಿದೆ. ತಕ್ಕಡಿಯೇ ಬದಲಾಗಿದೆ. ಮೇರಿಯವರ ಲಂಡನ್ ಪಂದ್ಯದಲ್ಲಿ ಏಟು ಎಣಿಸಿ ಅಂಕ ಕೊಡುತ್ತಿದ್ದರು, ಹಾಗಾಗಿ 11–6. ಈಗ ಐದು ತೀರ್ಪುಗಾರರು ಸುತ್ತಿಗೆ ಇಷ್ಟೆಂದು ಅಂಕ ಹಾಕುತ್ತಾರೆ, 5–0 ಅಂದರೆ ಐವರೂ ಒಬ್ಬರ ಕಡೆ ಎಂದರ್ಥ. ಮೇರಿಯ ಆರಂಭದ ವರ್ಷಗಳಲ್ಲಿ ಈ ಆಟಕ್ಕೆ ಹುಡುಗಿಯರನ್ನು ಕಳಿಸುತ್ತಿದ್ದ ದೇಶಗಳು ಈಗಿನಷ್ಟಿರಲಿಲ್ಲ ಎಂಬುದೂ ನಿಜ. ಇದನ್ನೆಲ್ಲ ಕಳೆದು ನೋಡಿದರೂ ನಮ್ಮ ತೀರ್ಮಾನ ಇದು: 2002ರಿಂದ 2018, ಹದಿನಾರು ವರ್ಷಗಳ ಅಂತರದಲ್ಲಿ ಆರು ಚಿನ್ನ, ಜೊತೆಗೆ ತನ್ನದಲ್ಲದ ತೂಕದಲ್ಲಿ ಒಲಿಂಪಿಕ್ ಪದಕ. ಮೇರಿಯ ತಟ್ಟೆಯೇ ಕೆಳಗಿದೆ. ನಿಖತ್ ಅದರ ಹತ್ತಿರ ಬಂದಿಲ್ಲ, ಆಟ ಬಿಟ್ಟಿಲ್ಲವಾದ್ದರಿಂದ ಲೆಕ್ಕವೂ ಮುಗಿದಿಲ್ಲ. ಹೆಸರು ನಮ್ಮದೆಂದು ತಟ್ಟೆಯ ಕೆಳಗೆ ಹುಣಸೆಹಣ್ಣು ಅಂಟಿಸುವುದು ಬೇಡ. ತೂಕದಲ್ಲಿ ಮೋಸ ಮಾಡುವವರ ಬಗ್ಗೆ ಕುರ್‌ಆನ್ ಏನು ಹೇಳುತ್ತದೆಂದು ಮಕ್ಕಳಿಗೆ ಕಲಿಸುವವರು ನಾವೇ.

ಆದರೆ ನಿಖತ್‌ರ ನಿಜವಾದ ತೂಕ ನಮಗೆ ಕಂಡದ್ದು ಅವರು ಸೋತ ಒಂದು ಪಂದ್ಯದಲ್ಲಿ. 2019ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಪಂದ್ಯಕ್ಕೆ 51 ಕಿಲೋದಲ್ಲಿ ಆಯ್ಕೆ ಪಂದ್ಯವೇ ಇಲ್ಲದೆ ಮೇರಿಯನ್ನು ಕಳಿಸುವ ಮಾತು ಬಂತು. ಮೇರಿ ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದಿದ್ದರು. ನಿಖತ್ ಆಗಿನ ಕ್ರೀಡಾ ಸಚಿವ ಕಿರಣ್ ರಿಜಿಜು ಅವರಿಗೆ ಬಹಿರಂಗ ಪತ್ರ ಬರೆದರು. ಹುಡುಗಿಯಾಗಿದ್ದಾಗಿನಿಂದ ಮೇರಿಯಿಂದಲೇ ಸ್ಫೂರ್ತಿ ಪಡೆದವಳು ತಾನು, ಕೇಳುತ್ತಿರುವುದು ಒಂದು ಅವಕಾಶ ಅಷ್ಟೇ ಎಂಬುದು ಅದರ ಸಾರ. ನಿಖತ್ ಯಾರು ಎಂದು ಮೇರಿ ಕೇಳಿದ್ದೂ ಸುದ್ದಿಯಾಯಿತು. ಡಿಸೆಂಬರ್ 28ರಂದು ದಿಲ್ಲಿಯಲ್ಲಿ ಆಯ್ಕೆ ಪಂದ್ಯ ನಡೆಯಿತು. ಮೇರಿಗೆ 37 ವರ್ಷ, ನಿಖತ್‌ಗೆ 23. ಮೇರಿ 9–1ರಿಂದ ಗೆದ್ದರು. ಮುಗಿದ ಮೇಲೆ ಕೈ ಕುಲುಕಲಿಲ್ಲ.

ಆಗ ನಮ್ಮ ಪೈಕಿಯೇ ಕೆಲವರು, ಹಿರಿಯರ ಎದುರು ಹೀಗೆ ನಿಲ್ಲುವುದು ಅದಬು ಅಲ್ಲ ಅಂದರು. ನಾವೂ ಹಾಗೇ ಅಂದುಕೊಂಡಿದ್ದೆವು, ಸುಳ್ಳು ಯಾಕೆ ಹೇಳಬೇಕು. ಈಗ ಹಾಗೆ ಅನ್ನಿಸುವುದಿಲ್ಲ. ಹಿರಿಯರ ಜಾಗ ತನಗೆ ಕೊಡಿ ಎಂದು ಅವರು ಕೇಳಿರಲಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಗೆ ಹತ್ತಿಸಿ ಎಂದು ಕೇಳಿದ್ದರು. ಹತ್ತಿಸಿದರು, ಸೋತರು, ಒಪ್ಪಿಕೊಂಡರು. ಎರಡೂವರೆ ವರ್ಷದ ಮೇಲೆ ಇಸ್ತಾಂಬುಲ್‌ನಲ್ಲಿ ಗೆದ್ದಾಗ ಮೇರಿಯೂ ಅಭಿನಂದಿಸಿದರು. ಆ ಆಯ್ಕೆ ಪಂದ್ಯದಿಂದ ಮೇರಿಯ ಗೌರವ ಕಡಿಮೆಯಾಗಲಿಲ್ಲ. ಮೂವತ್ತೇಳರಲ್ಲೂ ತಾನೇ ಮೇಲೆಂದು ತೋರಿಸಲು ಅವರಿಗೂ ಅದರಿಂದಲೇ ಸಾಧ್ಯವಾಯಿತು.

ಆಗ ಮಹಿಳಾ ತಂಡದ ಮುಖ್ಯ ಕೋಚ್ ಆಗಿದ್ದವರು ಯಾರು ಗೊತ್ತೇ? ಕೋಲ್ಕತಾದ ಮುಹಮ್ಮದ್ ಅಲಿ ಖಮರ್. 2002ರ ಮ್ಯಾಂಚೆಸ್ಟರ್‌ನಲ್ಲಿ ಕಾಮನ್‌ವೆಲ್ತ್ ಚಿನ್ನ ಗೆದ್ದ ಮೊದಲ ಭಾರತೀಯ ಬಾಕ್ಸರ್. ಹೆಸರು ಮುಹಮ್ಮದ್ ಅಲಿ, ಆಡಿದ ತೂಕ 48 ಕಿಲೋ, ಆ ಅಲಿಯ ಅರ್ಧ. ಆ ಅಲಿಯ ಫೋಟೊ ಹಾಕಿದ ಅಂಗಡಿ, ಮನೆ ನಾವು ಎಷ್ಟೋ ನೋಡಿದ್ದೇವೆ. ಖಮರ್ ಎಂಬ ಹೆಸರು ಕೇಳಿದವರು ಬೆರಳೆಣಿಕೆ.

ಈಗ ತುರುವೇಕೆರೆಯವರ ವಿಷಯ. ಜಗಲಿಯ ಜಗಳ ಆದ ನಾಲ್ಕನೇ ದಿನ ಅವರು ಮದ್ರಸಕ್ಕೆ ಬಂದರು. ಒಂಬತ್ತನೇ ಕ್ಲಾಸಿನಲ್ಲಿರುವ ಅವರ ಮಗಳನ್ನು ಶಾಲೆಯ ಪಿಟಿ ಮೇಷ್ಟ್ರು ತುಮಕೂರಿನಲ್ಲಿ ನಡೆಯುವ ಬಾಕ್ಸಿಂಗ್ ಆಯ್ಕೆಗೆ ಕಳಿಸಿ ಅಂದಿದ್ದಾರಂತೆ. ಹುಡುಗಿಗೆ ಆಸೆ. ಮನೆಯಲ್ಲಿ ಎರಡು ವಾರದಿಂದ ಮಾತು ಬಿಟ್ಟಿದ್ದಾಳಂತೆ. "ಮೊನ್ನೆ ಎಲ್ಲರೂ ನಮ್ಮ ಹುಡುಗಿ, ನಮ್ಮ ಹುಡುಗಿ ಅಂತಿದ್ರಲ್ಲ ಉಸ್ತಾದ್. ನಾಳೆ ನನ್ನ ಮಗಳು ಹೋದ್ರೆ ಇವರೇ ಏನಂತಾರೆ?" ಎಂದು ಕೇಳಿದರು. ಪ್ರಶ್ನೆ ಸರಿಯಾಗಿ ತಾಗಿತು.

ನಾವು ಮುಚ್ಚಿಡಲಿಲ್ಲ. ಮುಖಕ್ಕೆ ಹೊಡೆಯಬಾರದು ಎಂಬ ಹದೀಸ್ ಇದೆ. 1987ರಲ್ಲಿ ಮಕ್ಕಾದ ಫಿಕ್ಹ್ ಅಕಾಡೆಮಿ ಇದೇ ಕಾರಣಕ್ಕೆ, ಮೈಗೆ ಆಗುವ ಹಾನಿಯ ಕಾರಣಕ್ಕೆ ಈಗಿನ ಬಾಕ್ಸಿಂಗ್ ಸಲ್ಲದು ಎಂದಿದೆ. ಅದನ್ನು ಹೇಳಿದೆವು. ಆ ಮಾತು ಗಂಡು ಹೆಣ್ಣು ಇಬ್ಬರಿಗೂ ಎಂಬುದನ್ನೂ ಹೇಳಿದೆವು. ಅಲಿಯ ಫೋಟೊ ಹಾಕುವಾಗ ಯಾರಿಗೂ ನೆನಪಾಗದ ಹದೀಸ್ ಒಬ್ಬ ಹುಡುಗಿ ಕೈಗೆ ಗ್ಲೌಸ್ ಹಾಕಿದ ಕೂಡಲೇ ನೆನಪಾಗುವುದು ನಮಗೆ ಒಪ್ಪಿಗೆಯಿಲ್ಲ. ಅಲಿಯ ಮಗಳು ಲೈಲಾ ಅಲಿ ಕೂಡ 24 ಪಂದ್ಯ ಆಡಿ, ಒಂದೂ ಸೋಲದೆ ನಿವೃತ್ತರಾದವರು. ಬಟ್ಟೆಯ ಚಿಂತೆ ಅವರಿಗಿತ್ತು. ಪ್ಯಾರಿಸ್‌ನಲ್ಲಿ ಆಸ್ಟ್ರೇಲಿಯಾದ ಟೀನಾ ರಹಿಮಿ ಹಿಜಾಬ್ ಹಾಕಿ, ಮೈ ಪೂರ್ತಿ ಮುಚ್ಚಿ 57 ಕಿಲೋದಲ್ಲಿ ಆಡಿದ ಚಿತ್ರ ತೋರಿಸಿದೆವು. ಮುಖಕ್ಕೆ ಏಟು ಬೇಡವೆನಿಸಿದರೆ ಕುಸ್ತಿ, ಜೂಡೊ ಇವೆ, ಅಲ್ಲೂ ತೂಕಕ್ಕೆ ತಕ್ಕ ಜೋಡಿಯೇ ಎಂದೆವು. ತೀರ್ಮಾನ ನಿಮ್ಮದು ಮತ್ತು ಮಗಳದ್ದು, ಜನರದ್ದಲ್ಲ ಎಂದೂ ಹೇಳಿದೆವು. ಅವರು ಹೂಂ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ.

ಶನಿವಾರ ಸಂಜೆ ಮಗಳನ್ನೂ ಅವಳ ಉಮ್ಮನನ್ನೂ ಕರಕೊಂಡು ಗೋಡೌನಿಗೇ ಬಂದರು. ಆಯ್ಕೆಗೆ ಹೋಗುವ ಮೊದಲು ಸರಿಯಾದ ತೂಕ ಬರೆದು ಕಳಿಸಬೇಕಂತೆ, ತುರುವೇಕೆರೆಯ ಅಂಗಡಿಯ ಯಂತ್ರ ಹುಡುಗಿಗೆ ನಂಬಿಕೆಯಿಲ್ಲವಂತೆ. ಕೊಬ್ಬರಿ ಚೀಲ ಇಳಿಸಿ ಜಾಗ ಮಾಡಿಕೊಟ್ಟರು. ಹುಡುಗಿ ಚಪ್ಪಲಿ ಬಿಟ್ಟು ತೂಕದ ಹಲಗೆಯ ಮೇಲೆ ನಿಂತಳು. ಹಾಜಿ ಕಾಕ ಕನ್ನಡಕ ಏರಿಸಿ ಅಂಕಿ ಓದಿದರು: 43 ಕಿಲೋ 600. ಲೆಕ್ಕದ ಹುಡುಗ ಅವರ ಮುಖ ನೋಡಿದ. ಈ ಸಲ ಸಿಮೆಂಟ್ ಮೂಟೆಯ ಮಾತು ಬರಲಿಲ್ಲ. ಕೊಬ್ಬರಿ ಲೋಡಿಗೆ ಬರೆಯುವ ಚೀಟಿಯಲ್ಲೇ ತೂಕ ಬರೆದು, ಹರಿದು ಹುಡುಗಿಯ ಕೈಗೆ ಕೊಟ್ಟು, "ತುಮಕೂರಿಗೆ ಯಾವ ಬಸ್ಸಿಗೆ ಹೋಗೋದು ಮಗಳೇ?" ಅಂತ ಕೇಳಿದರು. ಹುಡುಗಿ ಬಾಪನ ಕಡೆ ನೋಡಿದಳು.